ಅಪ್ಪನ ಕಲ್ಲು ಅಲುಗಿದ್ದು

ಆಲ್ಡರ್‌ವಿಕ್ ಪುರಸಭೆ ಕಚೇರಿ
ಮಾರ್ಚ್ ೩, ಸೋಮವಾರ

ನನ್ನ ಮುದ್ದು ಟ್ಯಾಮ್ಸಿನ್,

ಅಮ್ಮನ ಪತ್ರ ತಾನೇ ಎಂದು ಪಕ್ಕಕ್ಕಿಡಬೇಡ, ಚಹಾ ಕುಡಿಯುತ್ತಲಾದರೂ ಓದು. ಮೊನ್ನೆ ಫೋನಿನಲ್ಲಿ ನೀನು, "ಅಪ್ಪನ ಗೋರಿಕಲ್ಲು ನೋಡ್ಕೊಳ್ಳೋದು ನಿಮ್ಮ ಪುರಸಭೆ ಕೆಲ್ಸ ಅಲ್ವಾ, ನನ್ನನ್ಯಾಕೆ ಎಳೀತೀಯ?" ಎಂದು ಕೇಳಿ ಇಟ್ಟೇಬಿಟ್ಟೆ.

ರಸ್ತೆ ಕೌಂಟಿ ಆಡಳಿತದ್ದು, ಕಸ ಜಿಲ್ಲಾ ಮಂಡಳಿಯದು, ಬೆಂಚು, ಬಸ್ ತಂಗುದಾಣ, ಸ್ಮಶಾನ ನಮ್ಮದು. ಆದರೆ ಸ್ಮಶಾನದಲ್ಲೂ ನೆಲ ಮಾತ್ರ ನಮ್ಮದು ಕಣೇ, ಕಲ್ಲು ಮನೆಯವರದು. ನಿಮ್ಮಪ್ಪ ಆ ಜಾಗವನ್ನು ನಿನ್ನ ಹೆಸರಿಗೆ ಮಾಡಿಸಿದ್ದರು, ನನ್ನ ಹೆಸರಿಗಲ್ಲ. ನನಗದು ಇವತ್ತಿಗೂ ಹೊಟ್ಟೆಯುರಿ. ಕಲ್ಲು ಯಾರ ಮೇಲೂ ಬೀಳದಂತೆ ನೋಡುವುದಷ್ಟೇ ಪುರಸಭೆಯ ಹೊಣೆ. ಅದಕ್ಕೇ ವರ್ಷಕ್ಕೊಮ್ಮೆ ನಾನೂ ಹುಲ್ಲು ಕತ್ತರಿಸುವ ಕ್ಲೈವ್‌ನೂ ಒಂದೊಂದೇ ಕಲ್ಲಿಗೆ ಅಂಗೈ ಒತ್ತಿ ತಳ್ಳಿ ನೋಡುತ್ತೇವೆ. ಅಲುಗಿದರೆ, ಮನೆಯವರು ಒಪ್ಪಿದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸುತ್ತೇವೆ. ಒಪ್ಪಿಗೆ ಬಾರದಿದ್ದರೆ ನೆಲಕ್ಕೆ ಮಲಗಿಸುತ್ತೇವೆ.

ಅಪ್ಪನ ಕಲ್ಲು ಅಲುಗಿತು. ನಿನ್ನ ಒಪ್ಪಿಗೆ ಬಾರದಿದ್ದರೆ ಶುಕ್ರವಾರ ಅದನ್ನು ಮಲಗಿಸಬೇಕು.

ಅಲುಗುವ ಕಲ್ಲು ನನಗೇನೂ ಹೊಸದಲ್ಲ. ಆದರೆ ಇದು ಹಿಂದಕ್ಕೆ ಸರಿದು, ಆಮೇಲೆ ನನ್ನ ಅಂಗೈಯನ್ನು ಮೆಲ್ಲಗೆ ಒತ್ತಿತು. "ಡೋರೀನ್, ರೆಜ್ ಬದುಕಿದ್ದಾಗ್ಲೂ ಹಿಂಗೇ ಮೊಂಡ ತಾನೇ?" ಎಂದು ಕ್ಲೈವ್ ನಕ್ಕು ತಾನೂ ಕೈಯಿಟ್ಟ. ತಕ್ಷಣ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಅಂದಿನಿಂದ ಆ ಸಾಲಿನ ಹುಲ್ಲು ಕತ್ತರಿಸಿಲ್ಲ.

ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ಅಪ್ಪ ಅಂಗೈ ಒತ್ತಿಯೇ ಮಾತಾಡುತ್ತಿದ್ದರಲ್ಲ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಬೇಡ, ಮೂರು ಸಲ ಬಾಗಿಲು ತೆರೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವರು ಒತ್ತಿದ್ದೆಲ್ಲ ಮೂರೇ. ನಿನಗೆ ಅದನ್ನು ನೋಡಲಾಗಲಿಲ್ಲ, ಬರಲಿಲ್ಲ. ದೂರುತ್ತಿಲ್ಲ ಮಗಳೇ, ನನಗೂ ಓಡಿಹೋಗಬೇಕೆನಿಸಿತ್ತು.

ಈಗ ದಿನಾ ಮಧ್ಯಾಹ್ನ ಸ್ಯಾಂಡ್‌ವಿಚ್ ಹಿಡಿದು ಅಲ್ಲಿಗೇ ಹೋಗುತ್ತೇನೆ. ನಗಬೇಡ, ಅವರನ್ನೇ ಕೇಳಿದೆ. ಕಾಂಕ್ರೀಟ್ ಹಾಕಿಸಲೇ ಎಂದರೆ ಎರಡು ಸಲ ಒತ್ತಿತು. ಮಲಗಿಸಲೇ ಎಂದರೂ ಎರಡೇ. ಟ್ಯಾಮ್ಸಿನ್ ಬರಬೇಕೇ ಎಂದೆ. ಒಂದು ಸಲ ಒತ್ತಿತು, ಜೋರಾಗಿ. ನಾನು ಅಲ್ಲೇ ಕೂತು ಅತ್ತೆ. ಇಷ್ಟು ವರ್ಷಗಳ ಮೇಲೂ ಅವರಿಗೆ ನೀನೇ ಬೇಕು.

ಗುರುವಾರದೊಳಗೆ ಬಾ. ಒಂದು ಸಲ ಕೈಯಿಡು, ಸಾಕು. ನಿನಗಿಷ್ಟವಾದ ಸೇಬಿನ ಸಿಹಿ ಕ್ರಂಬಲ್ ಮಾಡಿಡುತ್ತೇನೆ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಅಂಚೆಗೆ ಹಾಕುವ ಮುನ್ನ ಮತ್ತೆ ಹೋಗಿದ್ದೆ. ಅವಳು ಬಂದು ಏನು ಮಾಡಬೇಕು ರೆಜ್ ಎಂದು ಕೇಳಿದೆ. ಮೂರು ಸಲ ಒತ್ತಿತು. ಜಾಗ ನಿನ್ನ ಹೆಸರಲ್ಲಿದೆ, ತೆರೆಸಬಲ್ಲವಳು ನೀನೊಬ್ಬಳೇ. ಮೇಲಿನದನ್ನೆಲ್ಲ ಹೊಸದಾಗಿ ಬರೆಯದೆ ಹಾಗೇ ಕಳಿಸುತ್ತಿದ್ದೇನೆ. ನೀನು ಬರಬೇಡ. ಒಪ್ಪಿಗೆಯನ್ನು ಅಂಚೆಯಲ್ಲೇ ಕಳಿಸು. ಕಾಂಕ್ರೀಟ್ ದಪ್ಪವಾಗಿಯೇ ಹಾಕಿಸುತ್ತೇನೆ.