ಕುಳಿತು ಕೇಳಿದ ಕೀರ್ತನೆ

ಆದ್ಯಂತರಹಿತನೂ ಸಕಲ ಸ್ವರಗಳ ಒಡೆಯನೂ ಆದ ದೇವರಿಗೆ ಸ್ತೋತ್ರ. ಕ್ರಿಸ್ತಶಕ ಸಾವಿರದ ಒಂಬೈನೂರ ತೊಂಬತ್ತೊಂದು, ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರ, ರಾಣೇಬೆನ್ನೂರು.

ನನ್ನ ಅಕ್ಕನ ಕೈಹಿಡಿದ ಭಾವನವರೇ,

ನಿಮ್ಮನ್ನು ಮಣ್ಣಿಗೊಪ್ಪಿಸಿದ ಮಧ್ಯಾಹ್ನ ನೆನಪಾಗುತ್ತದೆ. ನೀವೇ ರಾಗ ಕಟ್ಟಿದ ಕೀರ್ತನೆಯನ್ನು ನಾವು ಸಭೆಯವರು ನಿಂತು ಹಾಡತೊಡಗಿದೆವು. ಬ್ಯಾಡಗಿಯ ಟಾಕೀಸಿನ ಬಾಗಿಲು ಕಾಯುವ ಇಮಾಮಸಾಬರು ಅಭ್ಯಾಸಬಲದಿಂದ, "ಲಗೂ ಕುಂದರ್ರಿ, ಪರದೆ ಏಳತೈತಿ" ಎಂದುಬಿಟ್ಟರು. ಅವರೊಡನೆ ಬಂದಿದ್ದ ಪೇಟೆಯವರೆಲ್ಲ ಮಣ್ಣಿನ ಮೇಲೆಯೇ ಕುಳಿತರು. ಭಾವನವರೇ, ವಾರವೆಲ್ಲ ಆ ಟಾಕೀಸಿನಲ್ಲಿ ಸಿನಿಮಾ ಆಟಕ್ಕೆ ಮುನ್ನ ನೀವು ನುಡಿಸುತ್ತಿದ್ದುದು ಅದೇ ರಾಗವೇ?

ಭಾನುವಾರ ಬೆಳಿಗ್ಗೆ ನೀವು ನಮ್ಮ ದೇವಾಲಯಕ್ಕೆ ಬಂದರೆ ಕೋಟಿನ ತುಂಬ ಬ್ಯಾಡಗಿಯ ಮೆಣಸಿನಕಾಯಿ ಘಾಟು. ಮುಂದಿನ ಬೆಂಚಿನವರು ಸೀನುವರು. "ಕರ್ತನ ಮನಿಗೆ ಧೂಪ ತಂದೇನಿ, ಸೀನ್ರಿ" ಎಂದು ನಗುತ್ತ ಆರ್ಗನ್ ತುಳಿಯಲು ಕೂರುತ್ತಿದ್ದಿರಿ. ಹಾವೇರಿಯ ನಾಟಕ ಕಂಪನಿಯಲ್ಲಿ ಪಳಗಿದ ನಿಮ್ಮ ಬೆರಳುಗಳಿಗೆ ದೇವಾಲಯ, ಟಾಕೀಸು ಎಂಬ ಎರಡು ಮನೆಗಳಿದ್ದುದನ್ನು ಬಲ್ಲೆ. ಒಂದೇ ರಾಗ ಎರಡರಲ್ಲೂ ವಾಸವಾಗಿತ್ತೆಂಬುದು, ಸಿನಿಮಾ ಮಂದಿರದ ಹೊಸ್ತಿಲನ್ನೇ ತುಳಿಯದ ನನಗೆ ಹೇಗೆ ತಿಳಿಯಬೇಕು?

ಅಂದಿನಿಂದ ಆ ಕೀರ್ತನೆಗೆ ಕೆಲವರು ನಿಲ್ಲುತ್ತಾರೆ, ಕೆಲವರು ಕುಳಿತೇ ಇರುತ್ತಾರೆ. ಟಾಕೀಸಿಗಾಗಿ ಮೊದಲು ಹುಟ್ಟಿದ್ದಾದರೆ ಅದನ್ನು ಆರಾಧನೆಯಿಂದ ತೆಗೆಯತಕ್ಕದ್ದೆಂದು ಸಭೆಯಲ್ಲಿ ಮಾತಾಯಿತು. ತೀರ್ಪು ಕೊಡುವ ಹೊಣೆ, ಸಭೆಯ ಹಿರಿಯನೆಂದು, ನನ್ನ ಮೇಲೆ ಬಿತ್ತು. ಅಕ್ಕನನ್ನು ಕೇಳಿದೆ. "ಮುಂಜಾನಿ ನ್ಯಾರಿಗೆ ರೊಟ್ಟಿ ತಿನ್ನುವಾಗ ಗುನುಗತಿದ್ರು ತಮ್ಮಾ. ದೇವರಿಗೋ ಪರದೆಗೋ ಅಂತ ನಾ ಯಾಕ ಕೇಳ್ಲಿ?" ಎಂದಳು.

ಬ್ಯಾಡಗಿಗೂ ಹೋದೆ. "ಈ ವಯಸ್ಸಿನಾಗ ಸಿನಿಮಾದ ಚಟ ಹತ್ತೇತೇನ್ರಿ, ಅಜ್ಜಾರ?" ಎಂದು ಇಮಾಮಸಾಬರು ಕೆಣಕಿದರು. ಆಮೇಲೆ, "ಮೊದಲ ಯಾವುದು ಅಂತ ನನಗ ಗೊತ್ತಿಲ್ರಿ. ನಿಮ್ಮ ಭಾವ, ಮಾಸ್ತರ, ಬಾರಿಸಿದ್ರ ಶಿಳ್ಳಿ ಹಾಕೋರು ಸೈತ ಬಾಯಿ ಮುಚ್ಚತಿದ್ರು" ಎಂದರು. ಇದನ್ನು ಸಾಕ್ಷಿಯೆಂದು ಎಣಿಸಲೇ? ಯಾರ ಪರವಾದ ಸಾಕ್ಷಿ?

ನೀವು ಕೇಳದ ಸುದ್ದಿಯೊಂದಿದೆ. ಇಂದು ಸಭೆಯ ಮುಂದೆ ನಿಂತು, "ನನಗೆ ತಿಳಿಯದು. ತಿಳಿಯದೆ ತೆಗೆಯಲಾರೆ. ಹಾಡೋಣ" ಎಂದೆ. ಹಾಡಿದೆವು. ಅಕ್ಕ ಹಾಡಿನ ಮೊದಲ ಸಾಲಿಗೇ ಕುಳಿತುಬಿಟ್ಟಳು. ಕೊನೆಯ ಚರಣ ಬರುವಷ್ಟರಲ್ಲಿ ನಾನೂ ಕುಳಿತಿದ್ದೆ. ಮೊಣಕಾಲ ನೋವೆಂದು ಪಕ್ಕದವರು ತಿಳಿದರು. ನನಗಾದರೋ, ಇನ್ನೇನು ಪರದೆ ಏಳುವುದು, ಅದರಾಚೆ ನೀವು ಕಾಣುವಿರಿ ಎಂದೇ ಅನಿಸಿತ್ತು.

ನಿಂತವರನ್ನೂ ಕುಳಿತವರನ್ನೂ, ಬಾಗಿಲು ಕಾಯುವ ಇಮಾಮಸಾಬರನ್ನೂ, ನಿಮ್ಮ ರಾಗ ಗುನುಗುವ ನನ್ನ ಅಕ್ಕನನ್ನೂ ದೇವರು ಒಂದೇ ಕೈಯಿಂದ ಹರಸಲಿ.