ನೂರ ಮೂವತ್ತೆರಡು ಸಲ ಇಲ್ಲ

ಕಾರ್ಖಾನೆಯ ಹಿಂದಿನ ಮನೆ,
ಮಾರ್ಚ್ ಹನ್ನೊಂದು, ಬುಧವಾರ ಬೆಳಿಗ್ಗೆ

ಪ್ರೀತಿಯ ದೊಡ್ಡ ಮಗನಿಗೆ,

ಹೆತ್ತವಳ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ನಿನ್ನ ಹೊಟ್ಟೆಯ ಉರಿ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಅಥವಾ ಅಲ್ಲಿಯೂ ನಿಂತಲ್ಲೇ ತಿಂದು ಓಡುತ್ತೀಯೋ? ಹೋಗುವಾಗ ಕೊಟ್ಟ ಉಣ್ಣೆಯ ಬನಿಯನ್ನನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತೀಯ, ನನಗೆ ಗೊತ್ತು, ತೆಗೆದು ಹಾಕಿಕೋ. ನೀನು ಹೊರದೇಶಕ್ಕೆ ಹೋಗಿ ಎಂಟು ತಿಂಗಳಾಯಿತು, ನಿನ್ನ ಮುಖ ನೋಡಿ. ಫೋನಿನಲ್ಲಿ ನೀನು ಎರಡು ಮಾತಾಡುವಷ್ಟರಲ್ಲಿ ಗಡಿಬಿಡಿ ಮಾಡುತ್ತೀಯ, ನನಗೆ ಸಿಟ್ಟು ಬಂದು ಇಟ್ಟುಬಿಡುತ್ತೇನೆ. ಅದಕ್ಕೇ ಪತ್ರ. ಪತ್ರವನ್ನು ನಡುವೆ ತಡೆದು ‘ಅಮ್ಮಾ, ನಿನಗೆ ಅರ್ಥ ಆಗಲ್ಲ’ ಎನ್ನಲು ಬರುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಂಡು ಓದು; ಅದಕ್ಕೊಂದು ಕಾರಣವಿದೆ.

ನನ್ನ ಮಂಡಿ ಚೆನ್ನಾಗಿದೆ. ಆಪರೇಷನ್ ಆಗಿ ಎರಡೂವರೆ ತಿಂಗಳು ಮಂಚ ಬಿಟ್ಟು ಏಳಲಿಲ್ಲ. ಈಗ ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆ. ಹೊಸ ಮಂಡಿ ಯಾವ ಊರಿನದು ಎಂದು ಡಾಕ್ಟರನ್ನು ಕೇಳಿದೆ. ‘ಹೊರದೇಶದ್ದು ತಾಯಿ, ಮೂವತ್ತು ವರ್ಷ ಗ್ಯಾರಂಟಿ’ ಎಂದರು. ಅಷ್ಟು ವರ್ಷ ನಾನೇ ಇರುವುದಿಲ್ಲವಲ್ಲ, ಉಳಿದದ್ದನ್ನು ಯಾರಿಗೆ ಕೊಡಲಿ ಎಂದೆ. ಇದನ್ನು ಯಾಕೆ ಬರೆದೆನೆಂದರೆ, ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎನ್ನುವ ಮುದುಕಿ ಇವಳು ಎಂದುಕೊಂಡು ನೀನು ಪತ್ರ ಮಡಿಸಿಡಬಾರದು. ನಾವು ಬೀಗ ಉಜ್ಜುವ ಅರ ಮೂರು ತಲೆಮಾರಿನಿಂದ ಹಡಗಿನಲ್ಲೇ ಬಂದಿದೆ. ನಿನ್ನ ತಾತ ಮಾಡಿದ ಬೀಗಗಳು ಹಡಗಿನಲ್ಲೇ ನಾಲ್ಕು ದೇಶಕ್ಕೆ ಹೋಗಿವೆ. ಹಡಗಿನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಮರೆತ ಹಾಗೆ ಕಾಣುತ್ತದೆ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಒಂದು ಡಜನ್ ಬೀಗ ಮುಗಿದರೆ ಅವಕ್ಕೆ ತಕ್ಷಣ ಗುರುತು ಬೀಳುವುದಿಲ್ಲ. ಮೊದಲು ಅದಲುಬದಲು. ಒಂದೊಂದು ಬೀಗದ ಕೀಲಿಕೈಯನ್ನೂ ಉಳಿದ ಹನ್ನೊಂದು ಬೀಗಗಳಿಗೆ ಹಾಕಿ ತಿರುಗಿಸಿ ನೋಡಬೇಕು. ಹನ್ನೆರಡು ಹನ್ನೊಂದಲಿ ನೂರ ಮೂವತ್ತೆರಡು. ನೂರ ಮೂವತ್ತೆರಡು ಸಲವೂ ಬೀಗ ‘ಇಲ್ಲ’ ಎನ್ನಬೇಕು. ಒಂದೇ ಒಂದು ಸಲ ‘ಹೂಂ’ ಎಂದರೂ ಆ ಬೀಗ ಕರಗಿಸುವ ಕುಲುಮೆಗೆ. ಅಷ್ಟಾದ ಮೇಲೆ ನಾನು ಹಿತ್ತಾಳೆಯ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತೇನೆ, ಮೀನು ಮೂಡುತ್ತದೆ. ಮೀನು ಕಣ್ಣು ಮುಚ್ಚಿ ಮಲಗುವುದಿಲ್ಲ ಎಂದು ನಿನ್ನ ತಾತ ಆರಿಸಿದ ಗುರುತು ಅದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮಜ್ಜಿ ಒಡವೆಯ ಪೆಟ್ಟಿಗೆ ಕೊಡಲಿಲ್ಲ, ಒಂದು ಡಜನ್ ಬೀಗ ಮುಂದಿಟ್ಟು ‘ಕೂತ್ಕೋ, ತಿರುಗಿಸು’ ಎಂದರು. ಮೊದಲ ವರ್ಷ ನನ್ನ ಹೆಬ್ಬೆರಳಲ್ಲಿ ಚರ್ಮ ಉಳಿಯಲಿಲ್ಲ. ನೀನು ಓದಲು ಕಲಿತದ್ದೂ ಆ ಮೇಜಿನ ಕೆಳಗೇ. ಅಂಕಿ ಕಲಿತದ್ದು ಆ ‘ಇಲ್ಲ’ಗಳನ್ನು ಎಣಿಸಿಯೇ.

ನಾನು ಮಲಗಿದ್ದಾಗ ಹುಡುಗಿಯರ ಹಾಸ್ಟೆಲ್‌ನಿಂದ ನಲವತ್ತು ಬೀಗಕ್ಕೆ ಕೇಳಿಕೆ ಬಂತು, ಕಬಾಟುಗಳಿಗೆ. ನಿನ್ನ ತಮ್ಮ ‘ಆರ್ಡರ್ ಮುಗಿಸಿ ಕೊಟ್ಟೆ ಅಮ್ಮಾ’ ಎಂದ. ಇಷ್ಟು ಬೇಗ ಹೇಗೋ ಎಂದರೆ ‘ಎಲ್ಲಾ ಸೇರಿ ಕೆಲಸ ಮಾಡಿದ್ವಿ’ ಎಂದ. ನಾನು ನಂಬಿದೆ. ಹೋದ ತಿಂಗಳು ಅಲ್ಲಿ ಒಂದು ಹುಡುಗಿಯ ಕಬಾಟಿನಿಂದ ಕೈಗಡಿಯಾರ ಹೋಯಿತು. ಬೀಗ ಒಡೆದಿಲ್ಲ, ಗೀಚಿಲ್ಲ. ಒಂದು ಕೀಲಿಕೈ ಹುಡುಗಿಯ ಕೊರಳಲ್ಲಿ, ಇನ್ನೊಂದು ವಾರ್ಡನ್ ಕೋಣೆಯ ಹಲಗೆಯ ಮೇಲೆ. ಆ ಕೋಣೆ ಗುಡಿಸುವವಳು ಒಬ್ಬಳೇ ಹೆಂಗಸು, ಹನ್ನೆರಡು ವರ್ಷದಿಂದ ಅಲ್ಲೇ ದುಡಿಯುತ್ತಿರುವವಳು. ವಾರ್ಡನ್ ನನ್ನನ್ನು ಕರೆಸಿದರು. ಮಂಡಿ ಸರಿಯಾದ ಮೇಲೆ ನಾನು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಬೀಗವನ್ನು ಕೈಗೆ ಕೊಟ್ಟು ‘ಇದನ್ನ ಬೇರೆ ಕೀ ಹಾಕಿ ತೆಗೆಯೋಕಾಗುತ್ತಾ ಅಮ್ಮಾ?’ ಎಂದರು. ನಾನು ಮೀನನ್ನು ನೋಡಿದೆ. ತೂಕ ನೋಡಲಿಲ್ಲ, ಒಳಗಿನ ಸದ್ದು ಕೇಳಲಿಲ್ಲ, ಮೀನನ್ನು ಮಾತ್ರ ನೋಡಿದೆ. ‘ನಮ್ಮ ಬೀಗ ತನ್ನ ಕೀ ಬಿಟ್ಟು ಬೇರೆಯದಕ್ಕೆ ಬಾಯಿ ಬಿಡಲ್ಲ’ ಎಂದು ಆ ಹೆಂಗಸಿನ ಎದುರಿಗೇ ಹೇಳಿದೆ. ಅಷ್ಟೇ ಸಾಕಾಯಿತು. ಅವಳನ್ನು ಆ ಹೊತ್ತೇ ಕೆಲಸದಿಂದ ತೆಗೆದು, ಕಾರಣ ಬರೆದು, ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ತಲೆ ಎತ್ತಿಕೊಂಡು ಮನೆಗೆ ಬಂದು ಚಹಾ ಕುಡಿದೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮೂರನೆಯ ದಿನ ಅವಳು ನಮ್ಮ ಹೊಸ್ತಿಲಿಗೆ ಬಂದಳು. ಅತ್ತಿರಲಿಲ್ಲ, ಕೂಗಾಡಲೂ ಇಲ್ಲ. ‘ಅಮ್ಮಾ, ನಿಮ್ಮ ಬೀಗ ಸುಳ್ಳು ಹೇಳಲ್ಲ ಅಂತೀರಿ. ನಾನೂ ಹೇಳಲ್ಲ. ಆದ್ರೆ ನಮ್ಮಿಬ್ಬರಲ್ಲಿ ಒಬ್ಬರು ಹೇಳ್ತಾ ಇದೀವಲ್ಲ’ ಎಂದಳು. ನನಗೆ ರೋಷ ಬಂತು. ಕೂತ್ಕೋ, ನಿನ್ನ ಕಣ್ಣೆದುರಿಗೇ ತೋರಿಸ್ತೀನಿ ಎಂದು ಒಳಗೆ ಕರೆದೆ. ಹಾಸ್ಟೆಲ್ಲಿಗೆ ಕೊಟ್ಟ ಅದೇ ಮಾಲಿನಲ್ಲಿ ಒಂದು ಡಜನ್ ತಾ ಎಂದು ನಿನ್ನ ತಮ್ಮನಿಗೆ ಹೇಳಿದರೆ ಅವನು ಗೋಡೌನಿನ ಕೀ ಕಳೆದುಹೋಗಿದೆ ಎಂದ. ಬೀಗ ಮಾಡುವ ಮನೆಯಲ್ಲಿ ಕೀ ಕಳೆದುಹೋಯಿತಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕಸಿದುಕೊಂಡು ನಾನೇ ಹೋಗಿ ತೆಗೆದೆ. ಒಳಗೆ ಸೂರು ಮುಟ್ಟುವವರೆಗೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನನಗೆ ಓದಲು ಬಾರದ ಲಿಪಿ, ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ನಮ್ಮ ಮೀನು. ಆಗಲೂ ನಾನು ಬೀಗಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತಿರುಗಿಸಲು ಕೂತೆ, ಅವಳು ಎದುರಿಗೆ ಕೂತಳು. ಒಂದು ಇಲ್ಲ, ಎರಡು ಇಲ್ಲ, ಮೂರು ಇಲ್ಲ. ಹದಿನೇಳನೆಯ ಸಲ ಕೀ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ನಲವತ್ತೆರಡು ವರ್ಷದಲ್ಲಿ ನನ್ನ ಕೈಯಲ್ಲಿ ತಪ್ಪು ಕೀ ತಿರುಗಿದ್ದು ಎರಡೇ ಸಲ. ಆ ಮಧ್ಯಾಹ್ನ ಒಂದೇ ಡಜನ್‌ನಲ್ಲಿ ಆರು ಸಲ ತಿರುಗಿತು. ಅವಳು ‘ನೀರು ಬೇಕಾ ಅಮ್ಮಾ?’ ಎಂದಳು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಂಜೆ ನಿನ್ನ ಹೆಂಡತಿ ಪೆಟ್ಟಿಗೆಗಳ ಜೊತೆ ಬಂದ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳಿದಳು. ನಿನ್ನ ಸಹಿ ನೋಡಿ ಅವಳ ದನಿ ಸಣ್ಣಗಾಯಿತು, ಆದರೂ ಒಂದು ಸಾಲನ್ನೂ ಬಿಡಲಿಲ್ಲ. ಒಳ್ಳೆಯ ಹೆಣ್ಣು, ನೀನು ಅವಳಿಗೆ ತಕ್ಕವನಾಗಲು ಇನ್ನೂ ಸಮಯವಿದೆ. ಆ ಕಾಗದದಲ್ಲಿ ಕೀಲಿಕೈ ಎಷ್ಟು ಬಗೆ ಬೇಕು ಎಂಬ ಪ್ರಶ್ನೆ ಇತ್ತಂತೆ. ಸಾವಿರ ಬಗೆ, ಇನ್ನೂರು ಬಗೆ, ಇಪ್ಪತ್ತನಾಲ್ಕು ಬಗೆ. ನೀನು ಇಪ್ಪತ್ತನಾಲ್ಕಕ್ಕೆ ಗುರುತು ಹಾಕಿದ್ದೀಯ. ಅಂದರೆ ಅಲ್ಲಿನ ಕಾರ್ಖಾನೆಯವರು ಕೇಳಿದ್ದಾರೆ ಮಗನೇ! ಅವರಿಗೆ ಬರುತ್ತದೆ, ಕೇಳಿದರೆ ಮಾಡಿಕೊಡುತ್ತಾರೆ. ಅಲ್ಲಿ ಹೆಂಗಸರು ಹನ್ನೆರಡು ಗಂಟೆ ನಿಂತೇ ಕೆಲಸ ಮಾಡುತ್ತಾರೆ ಎಂದು ನೀನೇ ಹಿಂದೆ ಬರೆದಿದ್ದೆ. ಪಾಪ, ಅವರ ಕಾಲಿಗೂ ಮಂಡಿ ಇರುತ್ತದೆ. ಅವರು ನಮಗೆ ಮೋಸ ಮಾಡಲಿಲ್ಲ. ಕೀ ಕತ್ತರಿಸುವ ಯಂತ್ರ ಕೊಳ್ಳುತ್ತೇನೆ ಎಂದು ಹೋದವನು ಮನೆಯ ಅಚ್ಚನ್ನು ಕಾಗದದ ಮೇಲೆ ಒತ್ತಿ ಅವರಿಗೆ ಕೊಟ್ಟುಬಿಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನೀನು ಏನು ಹೇಳುತ್ತೀಯ ಎಂಬುದು ನನಗೆ ಬಾಯಿಪಾಠವಾಗಿದೆ. ‘ಅಮ್ಮಾ, ನಾವು ತರೋ ಬರೀ ಹಿತ್ತಾಳೆ ತಗಡಿಗಿಂತ ಅವರ ಪೂರ್ತಿ ಬೀಗ ಅಗ್ಗ, ನಾನೇನು ಮಾಡ್ಲಿ?’ ಅದು ನಿಜ, ಅಲ್ಲಿಯವರೆಗೂ ನಿನ್ನ ಪರ ನಾನೂ ಜಗಳಾಡಿದ್ದೇನೆ. ಕೋಲು ಊರಿಕೊಂಡು ಕೈಗಾರಿಕಾ ಇಲಾಖೆಗೆ ಹೋಗಿದ್ದೆ. ಹೊಸ ಒಪ್ಪಂದದಲ್ಲಿ ಹೊರಗಿನಿಂದ ಬರುವ ಬೀಗಕ್ಕೆ ಸುಂಕವಿಲ್ಲ. ಬೀಗ ಮಾಡಲು ಬೇಕಾದ ತಗಡಿಗೆ ಸುಂಕವಿದೆ. ಇದು ಯಾವ ನ್ಯಾಯ ಎಂದು ಅಧಿಕಾರಿಯನ್ನು ಕೇಳಿದೆ. ಮಾಡುವವನಿಗೆ ದಂಡ, ತಂದು ಮಾರುವವನಿಗೆ ಹಾರ! ಅವರು ಮರ್ಯಾದಸ್ಥರು, ಕುರ್ಚಿ ಕೊಟ್ಟು, ಗೋಡೆಯ ಮೇಲಿನ ನಕ್ಷೆಯಲ್ಲಿ ಮೇಲಕ್ಕೆ ಹೋಗುವ ಒಂದು ಗೆರೆ ತೋರಿಸಿ ‘ಒಟ್ಟಾರೆ ದೇಶಕ್ಕೆ ಲಾಭ ಆಗಿದೆ ಅಮ್ಮಾ, ಜನರಿಗೂ ಅಗ್ಗ’ ಎಂದರು. ನಮ್ಮ ಪಾಲಿಶ್ ಮಾಡುವವನು ಈಗ ಅಂಗಡಿ ಅಂಗಡಿಗೆ ಸಾಮಾನು ಹೊರುತ್ತಾನೆ, ಅವನು ಆ ಒಟ್ಟಾರೆಯ ಒಳಗಿದ್ದಾನೋ ಹೊರಗೋ ಎಂದು ಕೇಳಿದೆ. ಗೆರೆಯಲ್ಲಿ ಅವನನ್ನು ತೋರಿಸಿ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ತಗಡಿನ ಸುಂಕದ ಬಗ್ಗೆ ಅರ್ಜಿ ಬರೆದು, ಬೀದಿಯಲ್ಲಿ ಉಳಿದಿರುವ ಏಳು ಕಾರ್ಖಾನೆಯವರ ಸಹಿ ಹಾಕಿಸಿ ಕೊಟ್ಟು ಬಂದಿದ್ದೇನೆ. ಹೈಸ್ಕೂಲಿನವರೆಗೆ ಓದಿದವಳ ಅರ್ಜಿ, ಆದರೆ ಒಂದು ಕಾಗುಣಿತವೂ ತಪ್ಪಿಲ್ಲ. ಉತ್ತರ ಬರುವವರೆಗೆ ಪ್ರತಿ ಸೋಮವಾರ ಹೋಗಿ ಆ ಗೆರೆಯ ಕೆಳಗೇ ಕೂರುತ್ತೇನೆ ಎಂದೂ ಹೇಳಿದ್ದೇನೆ.

ಆದರೆ ಸುಂಕ ಸರ್ಕಾರದ್ದು, ಮೀನು ನಮ್ಮದು. ಅಗ್ಗದ ಬೀಗ ತರುತ್ತೀಯಾ, ತಾ. ಅಗ್ಗದ ಬೀಗ ಎಂದು ಹೇಳಿ ಮಾರು. ಸಕ್ಕರೆ ಡಬ್ಬಿ ಇಡುವ ಗೂಡಿಗೆ, ಹಳೇ ಸೈಕಲ್ಲಿಗೆ ಅದೇ ಸಾಕು. ಬಡವರಿಗೆ ಅಗ್ಗದ ವಸ್ತು ಬೇಡವೆನ್ನಲು ನಾನ್ಯಾರು? ಆದರೆ ಹಾಸ್ಟೆಲ್ಲಿನವರು ಅಗ್ಗದ ಬೀಗವೆಂದು ಕೊಳ್ಳಲಿಲ್ಲ, ನೂರ ಮೂವತ್ತೆರಡು ಸಲ ಇಲ್ಲ ಎಂದ ಬೀಗವೆಂದು ಕೊಂಡರು. ಗುಡಿಸುವ ಹೆಂಗಸನ್ನು ಕಳ್ಳಿ ಮಾಡಿದ್ದು ಕೆಟ್ಟ ಬೀಗವಲ್ಲ. ಕೆಟ್ಟ ಬೀಗವೆಂದು ಗೊತ್ತಿದ್ದರೆ ಯಾರೂ ಅವಳತ್ತ ಬೆರಳು ತೋರಿಸುತ್ತಿರಲಿಲ್ಲ. ಕಳ್ಳಿ ಮಾಡಿದ್ದು ಒಳ್ಳೆಯ ಹೆಸರು. ನಿನ್ನ ತಾತ, ನಿಮ್ಮಪ್ಪ, ನಾನು ಸೇರಿ ಕಟ್ಟಿದ ಹೆಸರು.

ಆ ಕಾಗದ ಓದಿಸಿದ ಮರುದಿನ ಗುಡಿಸುವವಳನ್ನು ಜೊತೆಗೆ ಕರೆದುಕೊಂಡು ಹಾಸ್ಟೆಲ್ಲಿಗೆ ಹೋದೆ. ಊಟದ ಉದ್ದನೆಯ ಮೇಜಿನ ಮೇಲೆ ನಲವತ್ತು ಬೀಗ ಇಡಿಸಿ, ಒಬ್ಬೊಬ್ಬ ಹುಡುಗಿಯೂ ತನ್ನ ಕೀ ಹಿಡಿದು ಎಲ್ಲ ಬೀಗಕ್ಕೂ ಹಾಕಿ ನೋಡಿ ಎಂದೆ. ಮೊದಲು ಕಿಲಕಿಲ ನಗು. ‘ಅಯ್ಯೋ, ನಿಂದು ನನಗೆ ತೆಗೀತು ಕಣೇ!’ ಎಂದು ಕೂಗು. ಸ್ವಲ್ಪ ಹೊತ್ತಾದ ಮೇಲೆ ನಗು ನಿಂತಿತು, ಬರೀ ಟಕ್ ಟಕ್ ಸದ್ದು. ತನ್ನದಲ್ಲದ ಬೀಗ ಯಾವುದೂ ತೆರೆಯದೆ ಉಳಿದ ಹುಡುಗಿಯರು ಎಂಟೇ ಜನ. ಗಡಿಯಾರ ಹೋದ ಕಬಾಟಿನ ಬೀಗಕ್ಕೆ ಇನ್ನೂ ಮೂವರ ಕೀ ಸೇರಿತು. ಗಡಿಯಾರ ಯಾರು ತೆಗೆದರೋ ಇಂದಿಗೂ ಗೊತ್ತಿಲ್ಲ. ಆ ಮೂವರನ್ನು ಯಾರೂ ಪ್ರಶ್ನಿಸಕೂಡದು ಎಂದು ನಾನೇ ಹೇಳಿದೆ. ಒಂದು ಸಲ ಬೀಗದ ಮಾತು ಕೇಳಿ ಆದದ್ದು ಸಾಕು. ಆಮೇಲೆ ಎಲ್ಲರ ಎದುರಿಗೆ ಆ ಹೆಂಗಸಿಗೆ ಕೈ ಮುಗಿದು ‘ತಪ್ಪಾಯ್ತು ತಾಯಿ’ ಎಂದೆ. ನಿಮ್ಮಜ್ಜಿಯ ಎದುರಿಗೂ ಬಾರದ ಮಾತು ಅದು. ವಾರ್ಡನ್ ‘ನಾಳೆಯಿಂದ ಕೆಲಸಕ್ಕೆ ಬಾಮ್ಮಾ’ ಎಂದರೆ ಅವಳು ಕದಲಲಿಲ್ಲ. ‘ತೆಗೆದದ್ದನ್ನ ಬೋರ್ಡಿಗೆ ಹಾಕಿದ್ರಲ್ಲ, ಇದನ್ನೂ ಅಲ್ಲೇ ಹಾಕಿ, ಅಷ್ಟೇ ದಪ್ಪ ಅಕ್ಷರದಲ್ಲಿ’ ಎಂದಳು. ಹಾಕಿಸಿ, ನಿಂತು ಓದಿಸಿಕೊಂಡು, ಆಮೇಲೆ ಪೊರಕೆ ಹಿಡಿದಳು.

ನಲವತ್ತು ಬೀಗ ವಾಪಸ್ ತಂದಿದ್ದೇನೆ. ಕೆಲಸವಿಲ್ಲವೆಂದು ಮನೆಗೆ ಕಳಿಸಿದ್ದ ಮೂವರು ಕೆಲಸಗಾರರನ್ನು ಮತ್ತೆ ಕರೆಸಿ ಹಾಸ್ಟೆಲ್ಲಿಗೆ ಹೊಸದಾಗಿ ಮಾಡಿಸುತ್ತಿದ್ದೇನೆ. ನಿನ್ನ ತಮ್ಮನೇ ಅದಲುಬದಲಿಗೆ ಕೂತಿದ್ದಾನೆ. ಹೆಬ್ಬೆರಳು ಊದಿಸಿಕೊಂಡು ಗುರ್ ಎನ್ನುತ್ತಾನೆ, ಎನ್ನಲಿ. ನಿನ್ನ ಹೆಂಡತಿ ಆರೋಗ್ಯವಾಗಿದ್ದಾಳೆ, ಬೇರೆ ಏನೂ ಬರೆಯಬೇಡಿ ಎಂದಿದ್ದಾಳೆ. ನಿನ್ನ ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ಅಪ್ಪ ಬಂದಾಗ ತೋರಿಸಲು ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದಾಳೆ. ನಮ್ಮದೇ ಬೀಗ, ಹಳೆಯದು.

ನಿನ್ನ ಹೊಟ್ಟೆ ತಣ್ಣಗಿರಲಿ, ಬುದ್ಧಿಯೂ ನೆಟ್ಟಗಾಗಲಿ ಎಂದು ಹರಸುವ,

ನಿನ್ನ ಅಮ್ಮ

ಮರೆತಿದ್ದೆ: ಎರಡನೆಯ ಕಂಟೇನರ್ ಮುಂದಿನ ತಿಂಗಳು ಇಪ್ಪತ್ತಕ್ಕೆ ಬಂದರಿಗೆ ಬರುತ್ತದೆಯಂತೆ, ಆರು ಸಾವಿರ ಬೀಗ. ವಾಪಸ್ ಕಳಿಸುವುದಿಲ್ಲ, ಯಾರೋ ಹೆಂಗಸರು ನಿಂತು ಮಾಡಿದ ಕೆಲಸ ಅದು. ನೀನು ಅದಕ್ಕಿಂತ ಮೊದಲು ಮನೆಗೆ ಬಾ. ಒಂದೊಂದರ ಮೇಲಿನ ಮೀನನ್ನೂ ನಿನ್ನ ಕೈಯಾರೆ ಉಜ್ಜಿ ತೆಗೆಯಬೇಕು, ಆಮೇಲೆ ಮಾರು. ನಿಮ್ಮಪ್ಪನ ಅರಕ್ಕೆ ಹೊಸ ಹಿಡಿ ಹಾಕಿಸಿ ನಿನ್ನ ಜಾಗದಲ್ಲಿ ಇಟ್ಟಿದ್ದೇನೆ. ಗೋಡೌನಿನಲ್ಲಿ ಇರುವುದನ್ನು ನಾನು ಶುರು ಮಾಡಿದ್ದೇನೆ, ನಿನ್ನೆಗೆ ಮುನ್ನೂರಾಯಿತು. ಬೆರಳು ಮಡಿಸಲು ಬರುವುದಿಲ್ಲ, ಅಕ್ಷರ ಸೊಟ್ಟಗಾದದ್ದು ಅದಕ್ಕೇ.