ಹುಬ್ಬು ಕೊಡುವವರು

ಮಾರ್ಚ್ 3, ಸೋಮವಾರ

ಪಾರ್ಲರ್ ಗುಡಿಸಿದೆ. ಟವೆಲ್ ಮಡಚಿದೆ. ಸ್ಟ್ರೋಕ್ ಆದಮೇಲೆ ಇಷ್ಟೇ ನನ್ನ ಕೆಲಸ. ಮುಂಚೆ ಹುಬ್ಬಿನ ಥ್ರೆಡಿಂಗ್‌ಗೆ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಇವತ್ತು ಹಳೇ ಗಿರಾಕಿಯೊಬ್ಬಳು ಬಂದಳು. ಅಕ್ಕ (ಪಾರ್ಲರ್ ಅವಳದು, ನಾಲಿಗೆಯೂ ಅವಳದೇ) ನಾನು ಕಾಣದ ಹಾಗೆ ಪರದೆ ಎಳೆದಳು. "ನಿನ್ನ ಬಾಯಿ ನೋಡಿ ಗಾಬರಿಯಾಗ್ತಾರೆ ಕಣೇ, ಪಾಪ."

ಪಾಪವಂತೆ, ಅವರು. ಮೂವತ್ತೆರಡಕ್ಕೇ ಬಾಯಿ ಸೊಟ್ಟಗಾದದ್ದು ನನಗೆ.

ಮಾರ್ಚ್ 9, ಭಾನುವಾರ

ಹೊಸ ಗುಂಪಿಗೆ ಹೋಗಿದ್ದೆ. ನಲವತ್ತರೊಳಗೇ ಸ್ಟ್ರೋಕ್ ಆದವರು. ಆಸ್ಪತ್ರೆಯವರು ಮೊದಲು ಕಳಿಸಿದ್ದ ಗುಂಪಿನಲ್ಲಿ ಬರೀ ಮೊಮ್ಮಕ್ಕಳ ಫೋಟೋ... ಇಲ್ಲಿ ಒಬ್ಬ ಬಸ್ ಡ್ರೈವರ್. "ಸ್ಟೇರಿಂಗ್ ಕಿತ್ಕೊಂಡು ಟಿವಿ ರಿಮೋಟ್ ಕೊಟ್ರು" ಎಂದ. ಜೋರಾಗಿ ನಕ್ಕೆ. "ಚಿಕ್ಕ ವಯಸ್ಸು, ಬೇಗ ಸರಿಹೋಗುತ್ತೆ" ಅಂತ ಕೇಳಿ ಕೇಳಿ ಎಲ್ಲರ ಕಿವಿಯೂ ತೂತಾಗಿದೆ.

ನನ್ನ ಥ್ರೆಡಿಂಗ್ ಕೆಲಸದ ಕತೆ ಹೇಳಿದೆ. "ಕೈ ಓಡುತ್ತಾ ಈಗ?" ಗುಂಪಿನಲ್ಲಿದ್ದ ಲೆಕ್ಕದ ಟೀಚರ್ ಕೇಳಿದರು.

"ನೋಡೋಣ ಅಂದ್ರೆ ಹುಬ್ಬು ಯಾರು ಕೊಡ್ತಾರೆ?"

ಟೀಚರ್ ತಮ್ಮ ಮುಖವನ್ನೇ ಮುಂದಕ್ಕೆ ತಂದರು.

ಮಾರ್ಚ್ 23, ಭಾನುವಾರ

ಥ್ರೆಡಿಂಗ್‌ಗೆ ಹಲ್ಲಲ್ಲಿ ಕಚ್ಚಿದ ದಾರ ಸೊಟ್ಟಗಾದ ಎಡಗಡೆ ನಿಲ್ಲುವುದಿಲ್ಲ, ಜಾರುತ್ತದೆ. ಬಲಗಡೆಯ ಹಲ್ಲಿಗೆ ಬದಲಾಯಿಸಿದೆ. ಎಡಗೈ ಹೇಳಿದ ಮಾತು ಕೇಳಲಿಲ್ಲ. ಟೀಚರ ಒಂದು ಹುಬ್ಬು ಮೇಲೇರಿ ಕೂತಿತು. ಅಳು ಬಂತು.

ಅವರು ಕನ್ನಡಿ ನೋಡಿಕೊಂಡರು. "ಮುಖ ಮೊದಲೇ ಸೊಟ್ಟ. ಈಗ ಲೆವೆಲ್ ಆಯ್ತು ಬಿಡು."

ಏಪ್ರಿಲ್ 27, ಭಾನುವಾರ

ಗುಂಪಿನಲ್ಲಿ ಎಲ್ಲರ ಹುಬ್ಬೂ ಈಗ ನನ್ನ ಕೈಯದೇ—ಡ್ರೈವರನದೂ. ಟೀಚರದ್ದು ಎರಡೂ ಸಮ. ಪಾರ್ಲರಿನಲ್ಲಿ ನನ್ನ ಕುರ್ಚಿ ವಾಪಸ್ ಕೊಡು ಎಂದು ಅಕ್ಕನನ್ನು ಕೇಳಿದೆ.

"ಅವರೆಲ್ಲ ನಿನ್ನಂಥವರು, ಹೆಂಗಿದ್ರೂ ನಡೆಯುತ್ತೆ. ಗಿರಾಕಿಗಳು ಒಪ್ಪಬೇಕಲ್ಲ."

ನಿನ್ನಂಥವರು. ಮೈಯೆಲ್ಲ ಉರಿಯಿತು. ನಮ್ಮಂಥವರ ಹುಬ್ಬೇನು ಹುಲ್ಲೇ? ಇವಳೇ ಕೈ ಹಿಡಿದು ಕಲಿಸಿದ ಕೆಲಸ, ಇವಳಿಗೇ ನಂಬಿಕೆಯಿಲ್ಲ.

ಏಪ್ರಿಲ್ 28, ಸೋಮವಾರ, ಮಧ್ಯಾಹ್ನ

ಪಾರ್ಲರಿನಲ್ಲಿ ಯಾರೂ ಇರಲಿಲ್ಲ. "ನಿನ್ನ ಹುಬ್ಬು ಕೊಡಕ್ಕ. ಕೆಟ್ರೆ ಇನ್ನು ಕುರ್ಚಿ ಕೇಳಲ್ಲ."

ಹಿಂದೆ ಮುಂದೆ ನೋಡಿದಳು. ಕೂತಳು. ಹುಬ್ಬಿನ ಚರ್ಮವನ್ನು ತಾನೇ ಎರಡು ಬೆರಳಲ್ಲಿ ಬಿಗಿಯಾಗಿ ಎಳೆದು ಹಿಡಿದಳು. ಕಣ್ಣು ಮುಚ್ಚು ಎಂದೆ. ಮುಚ್ಚಲಿಲ್ಲ. ದಾರವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹೆದರಲಿ. ನಾನು ಇಷ್ಟು ತಿಂಗಳು ಹೆದರಲಿಲ್ಲವೇ? ಇವಳು ಐದು ನಿಮಿಷ ಹೆದರಲಿ.

ಬಲಗಡೆ ಮುಗಿಯಿತು. ಕನ್ನಡಿ ನೋಡಿಕೊಂಡಳು. ಮತ್ತೆ ತಲೆ ಹಿಂದಕ್ಕೆ ಒರಗಿಸಿದಳು. ಎಡಗಡೆಗೆ ದಾರ ತಂದೆ... ನಾನು ಹೇಳಲೇ ಇಲ್ಲ, ಅವಳಾಗಿಯೇ ಕಣ್ಣು ಮುಚ್ಚಿದಳು.